ಆರೆಂಜ್ ವಿಪ್ ರಿವ್ಯೂ: ಕ್ಲಬ್ ಹೆಡ್ ಎಲ್ಲಿದೆ ಅಂತ ಕೈಗೆ ಗೊತ್ತಾಗ್ಬೇಕು ಅನ್ನೋರಿಗೆ

ಮೊದ್ಲೇ ಹೇಳಿಬಿಡ್ತೀನಿ, ತಗೊಳ್ಳಿ. ಗಾಲ್ಫ್ ಶುರು ಮಾಡಿ ಒಂದೆರಡು ವರ್ಷ ಆಗಿದೆ, ಒಂದ್ಸಲ ಬಾಲ್ ಚೆನ್ನಾಗಿ ಹೋಗತ್ತೆ ಇನ್ನೊಂದ್ಸಲ ಎಲ್ಲೋ ಹೋಗತ್ತೆ, ಮೈಯೆಲ್ಲಾ ಹಾಕಿ ಹೊಡೆದ್ರೂ ದೂರ ಬರ್ತಿಲ್ಲ ಅನ್ನೋರು ಹೊಸ ಡ್ರೈವರ್‌ಗೆ (ದೂರ ಹೊಡೆಯೋ ಉದ್ದನೇ ಕ್ಲಬ್) ಅಂತ ಅಷ್ಟೊಂದು ದುಡ್ಡು ಸುರಿಯೋ ಮುಂಚೆ ಸ್ವಿಂಗ್ ಅಭ್ಯಾಸಕ್ಕೆ ಅಂತಾನೇ ಇರೋ ಈ ಕೋಲು ತಗೊಂಡು ಮನೆ ಟೆರೇಸ್ ಮೇಲೆ ಬೀಸಿ. ಯಾಕೆ ಅಂತ ಸ್ವಲ್ಪ ವಿವರವಾಗೇ ಬರೀತೀನಿ, ಯಾಕಂದ್ರೆ ಸುಮ್ನೆ ತಗೊಂಡು ಬಂದು ಬಾಗಿಲ ಹಿಂದೆ ನಿಲ್ಸಿದ್ರೆ ಏನೂ ಉಪಯೋಗ ಇಲ್ಲ, ಇದು ಏನು ಕಲಿಸೋಕೆ ಇರೋದು ಅಂತ ತಿಳ್ಕೊಂಡು ಬೀಸಿದ್ರೇನೇ ಇದ್ರ ಬೆಲೆ ಗೊತ್ತಾಗೋದು.

ನೋಡ್ದೇ ಇರೋರಿಗೆ: ಒಂದು ಕಡೆ ಮಾಮೂಲಿ ಗಾಲ್ಫ್ ಗ್ರಿಪ್, ಅಲ್ಲಿಂದ ಚೆನ್ನಾಗಿ ಬಳುಕೋ ಶಾಫ್ಟ್, ಕ್ಲಬ್ ಹೆಡ್ (ಬಾಲ್‌ಗೆ ತಗುಲೋ ತಲೆ) ಇರ್ಬೇಕಾದ ಜಾಗದಲ್ಲಿ ಒಂದು ಕಿತ್ತಳೆ ಬಣ್ಣದ ಗಟ್ಟಿ ಚೆಂಡು, ಗ್ರಿಪ್‌ನ ಮೇಲ್ತುದೀಲಿ ಆ ಚೆಂಡಿಗೆ ಎದುರಾಗಿ ಇನ್ನೊಂದು ತೂಕ. ಇಷ್ಟೇ. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ, ಬ್ಲೂಟೂತ್ ಇಲ್ಲ. ಜಿಮ್ ಹ್ಯಾಕನ್‌ಬರ್ಗ್ ಅನ್ನೋ ಅಮೆರಿಕದ ಗಾಲ್ಫ್ ಪ್ರೊ ಮಾಡಿದ್ದು ಇದು. ದೊಡ್ಡೋರ ಮಾಡೆಲ್ 47 ಇಂಚು, ಅಂದ್ರೆ ನಿಮ್ಮ ಡ್ರೈವರ್‌ಗಿಂತ ಸ್ವಲ್ಪ ಉದ್ದಾನೇ, ಅದಕ್ಕಿಂತ ಗಿಡ್ಡ ಸೈಜುಗಳೂ ಸಿಗತ್ತೆ. ತೂಕ ಡ್ರೈವರ್‌ನ ಎರಡು ಪಟ್ಟಿಗಿಂತ ಜಾಸ್ತಿ, ಆದ್ರೆ ಮೇಲ್ತುದೀಲೂ ತೂಕ ಇರೋದ್ರಿಂದ ಕೈಗೆ ಹಂಗೆ ಅನ್ಸಲ್ಲ, ಬೀಸೋವಾಗ ಆರಾಮಾಗೇ ಇರತ್ತೆ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ಈ ಕ್ಲಬ್ ಹೆಡ್ ಫೀಲ್ ಅಂತಾರಲ್ಲ, ಪುಸ್ತಕದಲ್ಲೂ ವಿಡಿಯೋದಲ್ಲೂ ಪದೇ ಪದೇ ಬರತ್ತೆ, ಆದ್ರೆ ಅದು ಏನು ಅಂತ ಯಾರೂ ಕೈಗೆ ಕೊಡಲ್ಲ, ಕೊಡೋಕೂ ಆಗಲ್ಲ. ಇವತ್ತಿನ ಡ್ರೈವರ್ ಒಟ್ಟು ತೂಕ ಹೆಚ್ಚುಕಮ್ಮಿ 300 ಗ್ರಾಂ, ಅದ್ರಲ್ಲಿ ತಲೆ ಒಂದೇ 200 ಗ್ರಾಂ ಹತ್ರ ಇರತ್ತೆ, ಉಳಿದಿದ್ದು ಗ್ರಾಫೈಟ್ ಶಾಫ್ಟು ಗ್ರಿಪ್ಪು. ಅಂದ್ರೆ ತೂಕ ಎಲ್ಲಾ ತುದೀಲೇ ಇದೆ. ಆದ್ರೆ ಒಟ್ಟು ಲೆಕ್ಕದಲ್ಲಿ ಅದು ಎಷ್ಟು ಹಗುರ ಅಂದ್ರೆ ನಮ್ಮ ತೋಳು ಭುಜ ಅದನ್ನ ಹೆಂಗೆ ಬೇಕಾದ್ರೂ ಎಳೆದಾಡಬಹುದು, ತುದೀಲಿ ತೂಕ ಇದೆ ಅನ್ನೋದೇ ಮರ್ತು ಹೋಗತ್ತೆ. ಬಾಲ್ ಹೊಡೆದು ಪ್ರಾಕ್ಟೀಸ್ ಮಾಡೋ ಯಾವ ಡ್ರೈವಿಂಗ್ ರೇಂಜಿಗೆ ಬೇಕಾದ್ರೂ ಭಾನುವಾರ ಬೆಳಿಗ್ಗೆ ಹೋಗಿ ಒಂದು ಹತ್ತು ನಿಮಿಷ ಹಿಂದೆ ನಿಂತು ನೋಡಿ. ಗ್ರಿಪ್ ಹಿಡಿಯೋವಾಗ್ಲೇ ಮುಂಗೈ ನರ ಎದ್ದು ಕಾಣ್ತಿರತ್ತೆ, ಬ್ಯಾಕ್‌ಸ್ವಿಂಗ್ (ಕ್ಲಬ್ ಹಿಂದಕ್ಕೆ ಎತ್ತೋದು) ಮುಗಿಯೋಕೆ ಮುಂಚೇನೇ ಭುಜ ಮುಂದಕ್ಕೆ ನುಗ್ಗಿರತ್ತೆ, ಸೊಂಯ್ ಅನ್ನೋ ಸದ್ದು ಬಾಲ್ ಹತ್ರ ಬರ್ಬೇಕಾದದ್ದು ಬಲಕಿವಿ ಪಕ್ಕದಲ್ಲೇ ಬಂದು ಮುಗಿದಿರತ್ತೆ. ಬಾಲ್ ಹತ್ರ ಬರೋ ಹೊತ್ತಿಗೆ ಸ್ಪೀಡ್ ಖರ್ಚಾಗಿ ಹೋಗಿರತ್ತೆ. ಅವ್ರು ಬಲ ಕಮ್ಮಿ ಹಾಕಿದ್ದಾರೆ ಅಂತ ಅಲ್ಲ ಪಾಪ, ಬೇಕಾದ್ದಕ್ಕಿಂತ ಜಾಸ್ತೀನೇ ಹಾಕಿರ್ತಾರೆ, ಹಾಕ್ಬಾರದ ಹೊತ್ತಲ್ಲಿ ಹಾಕಿರ್ತಾರೆ ಅಷ್ಟೇ.

ಹೊಲದಲ್ಲಿ ಹಕ್ಕಿ ಓಡ್ಸೋಕೆ ಕವಣೆ ಬೀಸೋರನ್ನ ನೋಡಿದ್ರೆ ಈ ವಿಷ್ಯ ತಕ್ಷಣ ಅರ್ಥ ಆಗತ್ತೆ. ಕಲ್ಲಿಟ್ಟು ಹಗ್ಗ ತಿರುಗ್ಸೋವಾಗ ಕಲ್ಲಿನ ಎಳೆತ ಬೆರಳಿಗೆ ಗೊತ್ತಾಗ್ತಾ ಇರತ್ತೆ, ಆ ಎಳೆತ ಇದ್ದಷ್ಟೂ ಹೊತ್ತು ಹಗ್ಗ ಬಿಗಿಯಾಗಿರತ್ತೆ, ಮಧ್ಯದಲ್ಲಿ ಕೈ ಜಗ್ಗಿದ್ರೆ ಹಗ್ಗ ಸಡಿಲ ಆಗಿ ಕಲ್ಲು ಅಲ್ಲೇ ಬೀಳತ್ತೆ. ಗಾಲ್ಫ್ ಶಾಫ್ಟ್ ಗಟ್ಟಿ ಇರೋದ್ರಿಂದ ನಾವು ಜಗ್ಗಿದ್ರೂ ಅದು ಬೀಳಲ್ಲ, ಅದಕ್ಕೇ ನಮ್ಗೆ ಗೊತ್ತೇ ಆಗಲ್ಲ. ಆರೆಂಜ್ ವಿಪ್ ಮಾಡೋದು ಇದನ್ನೇ, ಶಾಫ್ಟ್ ಬಳುಕೋ ಥರ ಮಾಡಿ ಜಗ್ಗಿದ್ದು ಕೈಗೆ ಗೊತ್ತಾಗೋ ಹಂಗೆ ಮಾಡತ್ತೆ. ಮೇಲೆ ಹೋಗಿ ಅವಸರದಲ್ಲಿ ಕೆಳಕ್ಕೆ ಎಳೆದ್ರೆ ಶಾಫ್ಟ್ ಅಡ್ಡಡ್ಡ ನಡುಗತ್ತೆ, ಚೆಂಡು ಹಾದಿ ತಪ್ಪಿ ಮೈ ಬ್ಯಾಲೆನ್ಸ್ ಕೆಡತ್ತೆ, ಕಾಲು ಒಂದು ಹೆಜ್ಜೆ ಮುಂದೆ ಇಡ್ಲೇಬೇಕಾಗತ್ತೆ. ಕಾದು, ಚೆಂಡು ಪೂರ್ತಿ ಹಿಂದಕ್ಕೆ ಹೋಗೋಕೆ ಬಿಟ್ಟು, ಕೆಳಗಿಂದ ತಿರುಗಿದ್ರೆ ಶಾಫ್ಟ್ ಒಂದೇ ಸಮ ಬಾಗಿ ಬಂದು ಕೆಳಗಡೆ ಬಿಚ್ಚಿಕೊಳ್ಳತ್ತೆ, ಫಿನಿಶ್‌ನಲ್ಲಿ ಆರಾಮಾಗಿ ನಿಂತಿರ್ತೀರ. ಕೋಚ್ ಪಕ್ಕದಲ್ಲಿ ನಿಂತು ಹೇಳೋ ಅವಶ್ಯಕತೇನೇ ಇಲ್ಲ, ಕೋಲೇ ಹೇಳತ್ತೆ.

ಇದು ಹೊಸ ವಿಚಾರ ಏನಲ್ಲ ಅನ್ನೋದೂ ನನಗೆ ಬಹಳ ಇಷ್ಟ ಆದ ವಿಷ್ಯ. ಅರ್ನೆಸ್ಟ್ ಜೋನ್ಸ್ ಅಂತ ಒಬ್ಬ ಇಂಗ್ಲಿಷ್ ಗಾಲ್ಫ್ ಪ್ರೊ ಇದ್ರು, ಮೊದಲನೇ ಮಹಾಯುದ್ಧದಲ್ಲಿ ಬಲಗಾಲು ಮಂಡಿಯಿಂದ ಕೆಳಗೆ ಹೋಯ್ತು, ಆಮೇಲೂ ಒಂದೇ ಕಾಲಲ್ಲಿ ನಿಂತು ಎಂಬತ್ತರ ಆಸುಪಾಸಿನ ಸ್ಕೋರ್ ಆಡಿದ್ರು. ಕಾಲೇ ಇಲ್ದೆ ಬಾಲ್ ಅಷ್ಟು ಚೆನ್ನಾಗಿ ಹೋಗ್ಬೇಕಾದ್ರೆ ಸ್ವಿಂಗ್‌ಗೆ ಮೂಲ ಯಾವ್ದು ಅಂತ ಯೋಚನೆ ಮಾಡಿ ಅವ್ರು ಕ್ಲಬ್ ಹೆಡ್‌ಗೆ ಬಂದು ನಿಂತ್ರು. ಆಮೇಲೆ ಅಮೆರಿಕಕ್ಕೆ ಹೋಗಿ ಜೀವನ ಪೂರ್ತಿ ಅದನ್ನೇ ಕಲಿಸಿದ್ರು. ಪಾಠಕ್ಕೆ ಅವ್ರು ಬಳಸ್ತಿದ್ದ ಸಾಮಾನು ಏನು ಗೊತ್ತಾ, ಒಂದು ಕರ್ಚೀಫು, ಅದ್ರ ತುದೀಲಿ ಕಟ್ಟಿದ ಒಂದು ಪೆನ್‌ನೈಫು. ಕರ್ಚೀಫ್ ಹಿಡಿದು ಚಾಕು ತೂಗಿಸಿ, ಬಟ್ಟೆ ಸಡಿಲ ಆಗ್ದೇ ಇದ್ರೆ ಅದು ಸ್ವಿಂಗ್, ಸಡಿಲ ಆಯ್ತು ಅಂದ್ರೆ ನೀವು ಜಗ್ಗಿದ್ರಿ ಅಂತ ಅರ್ಥ. ಈಗ್ಲೂ ಮನೇಲಿ ಬೀಗದ ಕೈ ಗೊಂಚಲು ಕರ್ಚೀಫ್‌ಗೆ ಕಟ್ಟಿ ಮಾಡಿ ನೋಡಿ, ಒಂದು ಪೈಸೆ ಖರ್ಚಿಲ್ಲ. ಆರೆಂಜ್ ವಿಪ್ ಅದನ್ನೇ ಪೂರ್ತಿ ಮೈ ಹಾಕಿ, ನಿಜವಾದ ಗ್ರಿಪ್ ಹಿಡಿದು ಮಾಡೋ ಹಂಗೆ ಮಾಡಿದೆ, ಅದಕ್ಕೇ ದುಡ್ಡು.

ಆಕ್ಸಿಲರೇಶನ್ ಬಗ್ಗೆ ಸ್ವಲ್ಪ ಜಾಸ್ತೀನೇ ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರೋ ಮಾತು 'ಬಾಲ್ ಹತ್ರ ಆಕ್ಸಿಲರೇಟ್ ಮಾಡಿ' ಅಂತ, ಅದನ್ನ ಕೇಳಿ ಎಲ್ರೂ ಬಾಲ್ ಹತ್ರ ಬಂದಾಗ ಕೈಯಿಂದ ಒಂದು ತಳ್ಳು ತಳ್ತಾರೆ. ಬಾಲು ಕ್ಲಬ್ಬು ತಗುಲಿಕೊಂಡಿರೋದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು, ಆ ಹೊತ್ತಲ್ಲಿ ನೀವು ಏನೂ ಮಾಡೋಕಾಗಲ್ಲ, ಮಾಡಿದ್ದು ಬಾಲ್‌ಗೆ ತಲುಪೋದೂ ಇಲ್ಲ. ಒಳ್ಳೆ ಆಟಗಾರರ ಸ್ವಿಂಗ್ ಅಳೆದಾಗ ಗೊತ್ತಾಗೋದು ಏನಂದ್ರೆ ಮೊದ್ಲು ಸೊಂಟ ಸ್ಪೀಡ್ ತಗೊಂಡು ನಿಧಾನ ಆಗತ್ತೆ, ಆ ಸ್ಪೀಡ್ ಎದೆಗೆ ಹೋಗತ್ತೆ, ಎದೆ ನಿಧಾನ ಆಗ್ತಾ ತೋಳಿಗೆ, ತೋಳು ನಿಧಾನ ಆಗ್ತಾ ಕ್ಲಬ್‌ಗೆ. ಬಾಲ್ ಹತ್ರ ಬರೋ ಹೊತ್ತಿಗೆ ಕೈ ತನ್ನ ಗರಿಷ್ಠ ಸ್ಪೀಡ್ ದಾಟಿ ಇಳೀತಾ ಇರತ್ತೆ, ಕ್ಲಬ್ ಹೆಡ್ ಮಾತ್ರ ಏರ್ತಾ ಇರತ್ತೆ. ಕೈ ನಿಧಾನ ಆಗೋದೇ ಕ್ಲಬ್ ತಲೆ ಜೋರಾಗೋಕೆ ದಾರಿ. ಇದನ್ನ ಓದಿ ನಂಬೋದು ಕಷ್ಟ, ಕೈ ನಿಧಾನ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಇನ್ನೂ ಕೆಡತ್ತೆ, ಆದ್ರೆ ಆರೆಂಜ್ ವಿಪ್ ನಾಲ್ಕೈದು ಸಲ ಸರಿಯಾಗಿ ಬೀಸಿದ್ಮೇಲೆ ಚೆಂಡು ಕೈಯನ್ನ ದಾಟಿ ಮುಂದೆ ಹೋಗೋ ಆ ಕ್ಷಣ ಇದ್ಯಲ್ಲ, ಅದು ಮೈಗೆ ಗೊತ್ತಾಗತ್ತೆ, ಆಮೇಲೆ ವಿವರಣೆ ಬೇಕಾಗಲ್ಲ. ಡ್ರೈವರ್ ಜೋರಾಗಿ ಬೀಸಿದಾಗ ತಲೆ ಹೊರಗಡೆ ಎಳೆಯೋ ಬಲ ಹತ್ತಾರು ಕೆಜಿ ತೂಕದಷ್ಟು ಇರತ್ತೆ, ಆ ಎಳೆತಕ್ಕೆ ಎದುರು ನಿಂತು ಬ್ಯಾಲೆನ್ಸ್ ಹಿಡಿಯೋದಷ್ಟೇ ನಮ್ಮ ಕೆಲ್ಸ, ಆ ಹೊತ್ತಲ್ಲಿ ಮಣಿಕಟ್ಟಲ್ಲಿ ತಳ್ಳೋಕೆ ಹೋದ್ರೆ ಎಷ್ಟು ಸಣ್ಣ ಬಲ ಅದು ಅಂತ ನೀವೇ ಯೋಚನೆ ಮಾಡಿ.

ಟೈಮಿಂಗ್ ವಿಷ್ಯಕ್ಕೆ ಜಾನ್ ನೊವೊಸೆಲ್ ಅನ್ನೋರು ಟೂರ್ ಪ್ರೊಗಳ ವಿಡಿಯೋ ಫ್ರೇಮ್ ಎಣಿಸಿ ಒಂದು ಚೆಂದದ ಲೆಕ್ಕ ಕಂಡುಹಿಡಿದ್ರು, ಬ್ಯಾಕ್‌ಸ್ವಿಂಗ್‌ಗೆ ತಗೊಳ್ಳೋ ಸಮಯ ಡೌನ್‌ಸ್ವಿಂಗ್‌ನ ಮೂರರಷ್ಟು. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ 24ಕ್ಕೆ 8, ಅಂದ್ರೆ ಮೇಲೆ ಹೋಗೋಕೆ 0.8 ಸೆಕೆಂಡ್, ಮೇಲಿಂದ ಬಾಲ್‌ಗೆ 0.27 ಸೆಕೆಂಡ್ ಹತ್ರ. ಕೆಲವ್ರು 21ಕ್ಕೆ 7, ಕೆಲವ್ರು 27ಕ್ಕೆ 9, ಆದ್ರೆ ಅನುಪಾತ ಅದೇ. ನಾನು ಇದಕ್ಕೆ ನಮ್ಮ ತಾಳದ ಲೆಕ್ಕ ಹಾಕ್ಕೊಂಡಿದೀನಿ, ಮೃದಂಗನೋ ಭರತನಾಟ್ಯನೋ ಚಿಕ್ಕಂದಲ್ಲಿ ಸ್ವಲ್ಪನಾದ್ರೂ ಕಲ್ತಿರೋರಿಗೆ ಇದು ತುಂಬಾ ಸುಲಭ: ತ-ಕ-ಧಿ-ಮಿ-ತ. ಮೊದಲನೇ 'ತ'ಗೆ ಕ್ಲಬ್ ಹಿಂದಕ್ಕೆ ಹೊರಡ್ಬೇಕು, 'ಮಿ' ಅನ್ನೋವಾಗ ಮೇಲಿರ್ಬೇಕು, ಮುಂದಿನ 'ತ'ಗೆ ಬಾಲ್. ಒಂದೇ ಕಾಲದಲ್ಲಿ ಹೇಳ್ಕೊಂಡು ಬೀಸಿದ್ರೆ ಮೂರಕ್ಕೆ ಒಂದು ತಾನಾಗೇ ಕೂತ್ಕೊಳ್ಳತ್ತೆ. ನಿಧಾನ ಕಾಲದಲ್ಲಿ ಶುರು ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪ ಜೋರು ಮಾಡಿ. ಮನೆಯವ್ರು ಏನಪ್ಪಾ ಇದು ಅಂತ ನೋಡ್ತಾರೆ, ನೋಡ್ಲಿ ಬಿಡಿ. ಆರೆಂಜ್ ವಿಪ್ ಜೊತೆ ಈ ಎಣಿಕೆ ಇನ್ನೂ ಚೆನ್ನಾಗಿ ಬರತ್ತೆ ಯಾಕಂದ್ರೆ ಚೆಂಡಿನ ತೂಕಕ್ಕೆ ತನ್ನದೇ ಒಂದು ಲಯ ಇದೆ, ಅದನ್ನ ಮೀರಿ ಅವಸರ ಮಾಡೋಕೆ ಅದು ಬಿಡಲ್ಲ.

ಹೆಂಗೆ ಬಳಸ್ಬೇಕು ಅಂತ ನನ್ನ ಅಭ್ಯಾಸ ಹೇಳ್ತೀನಿ. ಮೊದ್ಲು ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ, ನಿಲ್ಲಿಸ್ದೆ ಹಿಂದೆ ಮುಂದೆ, ಹಿಂದೆ ಮುಂದೆ. ಮಧ್ಯದಲ್ಲಿ ನಿಲ್ಲಿಸ್ಬಾರ್ದು, ಅದೇ ಮುಖ್ಯ, ನಿಲ್ಲಿಸಿ ನಿಲ್ಲಿಸಿ ಬೀಸಿದ್ರೆ ಪ್ರತೀ ಸಲ ಕೈಯಿಂದ ಶುರು ಮಾಡ್ತೀರ, ಸತತವಾಗಿ ಬೀಸಿದ್ರೆ ಮೂರ್ನಾಲ್ಕು ಸಲ ಆದ್ಮೇಲೆ ಕೈ ಸೋತು ಮೈಗೆ ಜವಾಬ್ದಾರಿ ಹೋಗತ್ತೆ. ಆಮೇಲೆ ಎರಡೂ ಪಾದ ಜೋಡ್ಸಿ ನಿಂತು ಅದನ್ನೇ ಮಾಡಿ, ಪಾದ ಜೋಡ್ಸಿದಾಗ ಭುಜದಲ್ಲಿ ನುಗ್ಗಿದ್ರೆ ಬೀಳ್ತೀರ, ಹಂಗಾಗಿ ನುಗ್ಗಲ್ಲ. ಆಮೇಲೆ ಪೂರ್ತಿ ಸ್ವಿಂಗ್. ಅದಾದ್ಮೇಲೆ ಎಡಗೈ ಒಂದರಲ್ಲೇ, ಬಲಗೈ ಒಂದರಲ್ಲೇ, ನಿಧಾನವಾಗಿ, ಮಣಿಕಟ್ಟು ನೋವು ಬಂದ್ರೆ ನಿಲ್ಸಿ. ಇಲ್ಲಿ ಗಮನ ಇಡ್ಬೇಕಾದ ಒಂದೇ ಒಂದು ಜಾಗ ಅಂದ್ರೆ ಮೇಲೆ ತಿರುಗೋ ಹೊತ್ತು. ಚೆಂಡು ಇನ್ನೂ ಹಿಂದಕ್ಕೆ ಹೋಗ್ತಾ ಇರುವಾಗ್ಲೇ ಕೆಳಗಡೆ ಸೊಂಟ ಮುಂದಕ್ಕೆ ಹೊರಡತ್ತೆ, ಎರಡು ಎದುರುಬದುರಾಗಿ ಹೋಗೋ ಆ ಗಳಿಗೇಲಿ ಶಾಫ್ಟ್ ಬಾಗತ್ತೆ, ಲ್ಯಾಗ್ ಲ್ಯಾಗ್ (ಕ್ಲಬ್ ಹೆಡ್ ಕೈಗಿಂತ ಹಿಂದೆ ಉಳಿಯೋದು) ಅಂತ ಎಲ್ರೂ ಹೇಳ್ತಾರಲ್ಲ ಅದು ಅಲ್ಲಿ ಹುಟ್ಟೋದು, ಮಣಿಕಟ್ಟು ಗಟ್ಟಿ ಹಿಡ್ಕೊಂಡು ಲ್ಯಾಗ್ ಮಾಡೋಕೆ ಹೋಗೋರಿಗೆ ಬರೋದು ಬರೀ ಶ್ಯಾಂಕು, ಅಂದ್ರೆ ಶಾಫ್ಟ್ ಸೇರೋ ಬುಡಕ್ಕೆ ಬಾಲ್ ತಗುಲಿ ಅಡ್ಡ ಹೋಗೋದು.

ಇನ್ನೊಂದು ಮುಖ್ಯವಾದ್ದು, ವಿಪ್ ಬೀಸಿ ಕೆಳಗಿಟ್ಟು ತಕ್ಷಣ 7 ಐರನ್ (ಮಧ್ಯಮ ದೂರಕ್ಕೆ ಬಳಸೋ ಕ್ಲಬ್) ಕೈಗೆ ತಗೊಳ್ಳಿ. ಮಧ್ಯೆ ಫೋನ್ ನೋಡೋಕೆ ಹೋಗ್ಬೇಡಿ. ಆ ಫೀಲ್ ಸ್ವಲ್ಪ ಹೊತ್ತು ಮಾತ್ರ ಕೈಯಲ್ಲಿರತ್ತೆ, ಅಷ್ಟರಲ್ಲಿ ಬಾಲ್ ಹೊಡೆದ್ರೆ ಐರನ್ ತಲೆ ಕೂಡ ಭಾರ ಅನ್ಸತ್ತೆ, ಇಷ್ಟು ದಿನ ಇದು ಎಲ್ಲಿತ್ತು ಅನ್ಸತ್ತೆ. ಹತ್ತು ಬಾಲ್ ಹೊಡೆದು ಆ ಫೀಲ್ ಮಾಯ ಆದ್ರೆ ಮತ್ತೆ ವಿಪ್. ಹೊಡೆಯೋವಾಗ ಮಧ್ಯೆ ಮಧ್ಯೆ ಕಣ್ಣು ಮುಚ್ಚಿ ಪ್ರಾಕ್ಟೀಸ್ ಸ್ವಿಂಗ್ ಮಾಡಿ, ಕಣ್ಣು ಮುಚ್ಚಿದಾಗ ಕ್ಲಬ್ ಹೆಡ್ ಎಲ್ಲಿದೆ ಅಂತ ಹೇಳೋಕಾದ್ರೆ ನೀವು ಸರಿದಾರೀಲಿ ಇದೀರ. ಗ್ರಿಪ್ ಬಿಗಿ ಬಗ್ಗೆ ನಂಬರ್ ಹಾಕಿ ಹೇಳೋ ಅಭ್ಯಾಸ ಇದೆ, ಹತ್ತಕ್ಕೆ ನಾಲ್ಕು, ಹತ್ತಕ್ಕೆ ಐದು ಅಂತ, ನನಗೆ ಅದ್ರಿಂದ ಅಷ್ಟು ಪ್ರಯೋಜನ ಕಾಣ್ಲಿಲ್ಲ, ಶುರುವಲ್ಲಿ ನಾಲ್ಕು ಹಿಡಿದವ್ರು ಮೇಲೆ ಹೋದಾಗ ಒಂಬತ್ತು ಹಿಡಿದಿರ್ತಾರೆ. ಶುರುವಿಂದ ಕೊನೆವರೆಗೂ ಬಿಗಿ ಬದಲಾಗ್ಬಾರ್ದು ಅನ್ನೋದು ಸರಿಯಾದ ಮಾತು, ಅದನ್ನ ಈ ಕೋಲು ಚೆನ್ನಾಗಿ ಕಲಿಸತ್ತೆ.

ಚಲ್ಲಘಟ್ಟದ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್‌ಗೆ ಒಬ್ಬ ಫ್ರೆಂಡ್ ಗೆಸ್ಟ್ ಆಗಿ ಕರ್ಕೊಂಡು ಹೋಗಿದ್ದಾಗ ಬ್ಯಾಗ್ ಹೊರೋಕೆ ಬಂದಿದ್ದ ಕ್ಯಾಡಿ ಒಬ್ರು ಹೇಳಿದ ಮಾತು ಇಲ್ಲಿ ಹೇಳ್ಲೇಬೇಕು. ಪ್ರತೀ ಹೋಲ್‌ನ ಮೊದಲ ಹೊಡೆತ ಹೊಡೆಯೋ ಟೀಯಲ್ಲೂ ಅವ್ರು ಹೇಳ್ತಿದ್ದದ್ದು ಒಂದೇ, "ಸಾರ್, ಮೇಲೆ ಹೋದ್ಮೇಲೆ ಒಂಚೂರು ಕಾಯಿರಿ ಸಾರ್, ಕ್ಲಬ್ಬೇ ಹೊಡ್ಯತ್ತೆ, ನೀವು ಹೊಡೀಬೇಡಿ." ಎಷ್ಟೋ ವರ್ಷ ಸಾವಿರಾರು ಜನರ ಸ್ವಿಂಗ್ ಹಿಂದಿಂದ ನೋಡಿದ ಕಣ್ಣು ಅದು. ದುಬಾರಿ ಲೆಸನ್‌ಗಳಲ್ಲಿ ಒಂದು ಗಂಟೆ ಹೇಳೋದನ್ನ ಅವ್ರು ಒಂದು ವಾಕ್ಯದಲ್ಲಿ ಹೇಳಿದ್ರು, ನಮ್ಮ ಕ್ಯಾಡಿಗಳ ಮಾತಿಗೆ ಆಟಗಾರರು ಇನ್ನೂ ಜಾಸ್ತಿ ಕಿವಿ ಕೊಡ್ಬೇಕು ಅಂತ ನನಗೆ ನಿಜವಾಗ್ಲೂ ಅನ್ಸತ್ತೆ.

ನಮ್ಮೂರಲ್ಲಿ ಈ ಆಟದ ಬೇರು ಹಳೇದು, ಸ್ಯಾಂಕಿ ರೋಡಿನ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಇಲ್ಲೇ ಬೆಳೆದ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ್ರು, ಒಂದೇ ಒಂದು ಸ್ಟ್ರೋಕ್‌ನಲ್ಲಿ ಮೆಡಲ್ ತಪ್ತು, 2021ರ ಆಗಸ್ಟಲ್ಲಿ ಬೆಳ್ಳಂಬೆಳಿಗ್ಗೆ ಎದ್ದು ಗಾಲ್ಫ್ ಅಂದ್ರೇನು ಅಂತಾನೇ ಗೊತ್ತಿಲ್ದೋರೂ ಟಿವಿ ನೋಡಿದ್ರು. ಅಲ್ಲಿ ಆಡಿದೋರ ಪೈಕಿ ಡ್ರೈವರ್ ಹೊಡೆತ ಗಿಡ್ಡ ಇದ್ದೋರಲ್ಲಿ ಅವ್ರೂ ಒಬ್ರು, ಆದ್ರೂ ಅಲ್ಲಿವರೆಗೆ ಬಂದ್ರು. ಅವ್ರ ಸ್ವಿಂಗ್ ವಿಡಿಯೋ ಹಾಕಿ ಎಷ್ಟು ಸಲ ನೋಡಿದ್ರೂ ಮೊದಲನೇ ಹೋಲ್‌ನಲ್ಲೂ ಕೊನೇ ಹೋಲ್‌ನಲ್ಲೂ ಲಯ ಒಂದೇ ಥರ ಕಾಣತ್ತೆ. ಬಿಡದಿ ಹತ್ರ ಈಗಲ್ಟನ್ ಗಾಲ್ಫ್ ರೆಸಾರ್ಟ್‌ನಲ್ಲಿ ಆಟ ಕಲ್ತು ಮೇಲೆ ಬಂದ ಚಿಕ್ಕರಂಗಪ್ಪ ನಮ್ಮ ದೇಶದ ಪ್ರೊಗಳು ಆಡೋ ಪಿಜಿಟಿಐ ಟೂರಲ್ಲಿ ಹಲವು ಟೂರ್ನಿ ಗೆದ್ದಿದ್ದಾರೆ, ಅವ್ರ ಸ್ವಿಂಗೂ ನೋಡಿ. ಟಿವಿಯಲ್ಲಿ ಬರೋ ದೊಡ್ಡ ದೊಡ್ಡ ಹೊಡೆತಗಾರರನ್ನ ನೋಡಿ ಕಾಪಿ ಮಾಡೋದಕ್ಕಿಂತ ನಮ್ಮವ್ರನ್ನ ನೋಡಿ ಲಯ ಕಲಿಯೋದು ಒಳ್ಳೇದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಚಿಪ್ಪಿಂಗ್ (ಗ್ರೀನ್ ಪಕ್ಕದಿಂದ ಸಣ್ಣ ಹೊಡೆತ) ಮಾಡೋವಾಗ ಈ ವಿಷ್ಯ ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಗ್ರೀನ್ (ಹೋಲ್ ಸುತ್ತ ಇರೋ ನುಣುಪು ಹುಲ್ಲು) ಪಕ್ಕದಿಂದ ಇಪ್ಪತ್ತು ಗಜ, ಬ್ಯಾಕ್‌ಸ್ವಿಂಗ್ ಉದ್ದ ತಗೊಂಡು, ಬಾಲ್ ಹತ್ರ ಬರೋವಾಗ ಅಯ್ಯೋ ಜಾಸ್ತಿ ಹೋಗತ್ತೆ ಅಂತ ಭಯ ಬಿದ್ದು ಬ್ರೇಕ್ ಹಾಕ್ತಾರೆ, ಕ್ಲಬ್ ನೆಲಕ್ಕೆ ಕಚ್ಚಿಕೊಂಡು ಬಾಲ್ ಎರಡಡಿ ಮುಂದೆ ಹೋಗಿ ಕೂರತ್ತೆ. ಮರಳು ಗುಂಡಿ ಬಂಕರ್‌ನಲ್ಲೂ ಅಷ್ಟೇ, ಮರಳಿಗೆ ಕ್ಲಬ್ ಹೋಗಿ ಅಲ್ಲೇ ನಿಂತ್ಬಿಡತ್ತೆ. ಇಲ್ಲಿ ಉಪಾಯ ಏನಂದ್ರೆ ಹಿಂದಕ್ಕೆ ಕಮ್ಮಿ ತಗೊಂಡು ಮುಂದಕ್ಕೆ ಕ್ಲಬ್ ಹೆಡ್ ತನ್ನ ತೂಕದಲ್ಲಿ ಹೋಗೋಕೆ ಬಿಡೋದು, ತೂಕ ಕೈಗೆ ಗೊತ್ತಿದ್ರೆ ಬ್ರೇಕ್ ಹಾಕೋ ಭಯ ಕಮ್ಮಿ ಆಗತ್ತೆ ಯಾಕಂದ್ರೆ ಎಷ್ಟು ಹೋಗತ್ತೆ ಅಂತ ಮೊದ್ಲೇ ಅಂದಾಜು ಸಿಗತ್ತೆ. ಉದ್ದದ ವಿಪ್‌ನಲ್ಲೇ ಸಣ್ಣ ಸ್ವಿಂಗ್ ಮಾಡಿದ್ರೂ ಇದು ಬರತ್ತೆ, ವೆಡ್ಜ್‌ಗೆ (ಇಂಥ ಸಣ್ಣ ಹೊಡೆತದ ಕ್ಲಬ್) ಅಂತಾನೇ ಆರೆಂಜ್ ವಿಪ್‌ನವ್ರದ್ದೇ ಬೇರೆ ಮಾಡೆಲ್ ಇದೆ, ಅದನ್ನ ನಾನು ಬಳಸಿಲ್ಲ ಹಂಗಾಗಿ ಅದ್ರ ಬಗ್ಗೆ ಬರೆಯಲ್ಲ.

ಬೇರೆ ಸಾಮಾನುಗಳ ಜೊತೆ ಹೋಲ್ಸಿ ಅಂತ ಕೇಳೋರಿಗೆ. ಸೂಪರ್‌ಸ್ಪೀಡ್ ಥರದ ಮೂರು ಕೋಲಿನ ಸೆಟ್ ಬರತ್ತೆ, ಒಂದು ಡ್ರೈವರ್‌ಗಿಂತ 20 ಪರ್ಸೆಂಟ್ ಹಗುರ, ಒಂದು 10 ಪರ್ಸೆಂಟ್ ಹಗುರ, ಒಂದು 5 ಪರ್ಸೆಂಟ್ ಭಾರ. ಅದು ಮೈಗೆ ಜೋರಾಗಿ ತಿರುಗೋದು ಅಭ್ಯಾಸ ಮಾಡ್ಸೋಕೆ, ಆಗ್ಲೇ ಲಯ ಇರೋರಿಗೆ ಒಳ್ಳೇದು, ಲಯಾನೇ ಇಲ್ದೋರು ಅದನ್ನ ಬೀಸಿದ್ರೆ ಇರೋ ಅವಸರ ಇನ್ನೂ ಜಾಸ್ತಿ ಆಗತ್ತೆ, ಮೊದ್ಲು ವಿಪ್ ಆಮೇಲೆ ಸ್ಪೀಡ್ ಅನ್ನೋದು ನನ್ನ ಕ್ರಮ. ಕ್ಲಬ್‌ಗೆ ಸಿಗ್ಸೋ ರಿಂಗ್ ತೂಕ ಬರತ್ತಲ್ಲ, ಮೈ ಬಿಸಿ ಮಾಡ್ಕೊಳ್ಳೋಕೆ ಪರವಾಗಿಲ್ಲ, ಆದ್ರೆ ಶಾಫ್ಟ್ ಬಳುಕಲ್ಲ, ಜಗ್ಗಿದ್ದು ಗೊತ್ತಾಗಲ್ಲ. ಖರ್ಚಿಲ್ದೆ ಮಾಡ್ಬೇಕು ಅಂದ್ರೆ ಡ್ರೈವರ್ ತಲೆಕೆಳಗಾಗಿ ಹಿಡಿದು, ತಲೆ ಹತ್ರ ಶಾಫ್ಟ್ ಹಿಡಿದು ಗ್ರಿಪ್ ತುದಿ ಬೀಸಿ, ಸೊಂಯ್ ಸದ್ದು ಬಾಲ್ ಇರೋ ಜಾಗದಲ್ಲಿ ಇಲ್ಲಾ ಅದಕ್ಕಿಂತ ಸ್ವಲ್ಪ ಮುಂದೆ ಜೋರಾಗಿ ಬರ್ಬೇಕು. ಈ ಡ್ರಿಲ್ ಸ್ಪೀಡ್ ಎಲ್ಲಿ ಬರ್ತಿದೆ ಅಂತ ಕಿವಿಗೆ ಹೇಳತ್ತೆ, ತೂಕ ಮಾತ್ರ ಹೇಳಲ್ಲ. ಎರಡೂ ಮಾಡಿ.

ನಕಲಿ ಮಾಲ್ ಬಗ್ಗೆ ಎಚ್ಚರ. ಇದೇ ಥರ ಬಣ್ಣದ ಚೆಂಡು ಹಾಕಿರೋ ಅಗ್ಗದ ಕೋಲುಗಳು ಆನ್‌ಲೈನಲ್ಲಿ ಬೇಕಾದಷ್ಟಿವೆ. ಕೆಲವ್ರ ಹತ್ರ ಇರೋದನ್ನ ರೇಂಜಲ್ಲಿ ಕೈಗೆ ತಗೊಂಡು ನೋಡಿದೀನಿ, ಒಂದೆರಡು ಪರವಾಗಿಲ್ಲ, ಒಂದ್ರಲ್ಲಂತೂ ಶಾಫ್ಟ್ ಸ್ವಲ್ಪಾನೂ ಬಾಗ್ತಿರ್ಲಿಲ್ಲ, ಚೆಂಡು ಅಂಟಿಸಿರೋ ಜಾಗದಲ್ಲಿ ಲೊಡಲೊಡ ಅಂತಿತ್ತು. ತಲೆ ಎತ್ತರದಲ್ಲಿ ಜೋರಾಗಿ ತಿರುಗೋ ತೂಕ ಅದು, ಕಳಚಿ ಹಾರಿದ್ರೆ ಯಾರಿಗಾದ್ರೂ ದೊಡ್ಡ ಪೆಟ್ಟಾಗತ್ತೆ. ಯಾವ್ದೇ ತಗೊಂಡ್ರೂ ಮೊದ್ಲು ಗ್ರಿಪ್ ಹಿಡಿದು ನೆಲಕ್ಕೆ ಅಡ್ಡಲಾಗಿ ಚಾಚಿ ಅಲ್ಲಾಡ್ಸಿ, ಶಾಫ್ಟ್ ಒಂದೇ ಸಮ ಬಾಗಿ ನಿಧಾನವಾಗಿ ತೂಗ್ಬೇಕು, ಕೀಲಲ್ಲಿ ಸದ್ದು ಬರ್ಬಾರ್ದು, ಗ್ರಿಪ್ ತುದಿ ತೂಕ ಇದ್ಯಾ ಅಂತಾನೂ ನೋಡಿ, ಎಷ್ಟೋ ಅಗ್ಗದ ಮಾಡೆಲ್‌ಗಳಲ್ಲಿ ಅದೇ ಇರಲ್ಲ. ಅಸಲಿ ಆರೆಂಜ್ ವಿಪ್ ಅಮೆರಿಕದಲ್ಲೇ ನೂರು ಡಾಲರ್ ಮೇಲೆ, ಇಲ್ಲಿಗೆ ಬರೋವಾಗ ಅದ್ರ ಮೇಲೆ ಇನ್ನೂ ಬೀಳತ್ತೆ, ಅಲ್ಲಿಂದ ಬರೋ ಅಕ್ಕ ತಂಗಿ ಭಾವಮೈದ ಯಾರಾದ್ರೂ ಇದ್ರೆ ತರಿಸ್ಕೊಳ್ಳೋದು ಲಾಭ, ಆದ್ರೆ 47 ಇಂಚು ಸೂಟ್‌ಕೇಸಲ್ಲಿ ಹಿಡ್ಸಲ್ಲ ಅಂತ ಮೊದ್ಲೇ ಹೇಳಿ.

ಜಾಗದ ವಿಷ್ಯ ನಮ್ಮ ಬೆಂಗಳೂರಲ್ಲಿ ದೊಡ್ಡ ಸಮಸ್ಯೆ. ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ 47 ಇಂಚಿನದು ಬೀಸೋ ಯೋಚನೆ ಬೇಡ, ಫ್ಯಾನು ಟ್ಯೂಬ್‌ಲೈಟು ಟಿವಿ ಯಾವ್ದೂ ಉಳಿಯಲ್ಲ. ಟೆರೇಸ್ ಒಳ್ಳೇದು, ಬೆಳಿಗ್ಗೆ ಬಟ್ಟೆ ಒಣಗಾಕೋಕೆ ಯಾರೂ ಬರೋ ಮುಂಚೆ ಹೋಗಿ, ನಾಲ್ಕೂ ಕಡೆ ಜಾಗ ನೋಡ್ಕೊಳ್ಳಿ, ಮಕ್ಕಳು ಓಡಾಡ್ತಿದ್ರೆ ಕೋಲು ಕೆಳಗಿಡಿ. ಕಬ್ಬನ್ ಪಾರ್ಕು ಲಾಲ್‌ಬಾಗು ಕೆರೆ ಏರಿ ಇಂಥ ಕಡೆ ವಾಕಿಂಗ್ ಜನ ಇರ್ತಾರೆ, ಅಲ್ಲಿ ಬೇಡ್ವೇ ಬೇಡ. ಟೆರೇಸ್ ಇಲ್ದೋರು ಗಿಡ್ಡ ಸೈಜ್ ತಗೊಳ್ಳಿ, ಉದ್ದದ್ದರಷ್ಟು ಎಳೆತ ಸಿಗಲ್ಲ ಆದ್ರೆ ಬೀಸೋಕೆ ಆಗ್ದೇ ಇರೋ ಕೋಲಿಗಿಂತ ಅದೇ ಮೇಲು. ಮಳೆಗಾಲದಲ್ಲಿ ಟೆರೇಸ್ ಪಾಚಿ ಕಟ್ಟಿರತ್ತೆ, ಶೂ ಹಾಕ್ಕೊಂಡೇ ಮಾಡಿ.

ಇದು ಏನು ಮಾಡಲ್ಲ ಅಂತಾನೂ ಹೇಳ್ಬೇಕು. ತುದೀಲಿ ಇರೋದು ಚೆಂಡು, ಅದಕ್ಕೆ ಬಾಲ್‌ಗೆ ತಗುಲೋ ಚಪ್ಪಟೆ ಮುಖ ಇಲ್ಲ. ಹಂಗಾಗಿ ಕ್ಲಬ್ ಫೇಸ್ ಓಪನ್ ಇದ್ಯಾ ಕ್ಲೋಸ್ ಇದ್ಯಾ ಅಂತ ಇದ್ರಿಂದ ಗೊತ್ತಾಗಲ್ಲ, ಗ್ರಿಪ್ ತಪ್ಪು ಹಿಡಿದಿದ್ರೆ ತಪ್ಪು ಗ್ರಿಪ್ಪಲ್ಲೇ ಚೆಂದದ ಲಯ ಬರತ್ತೆ, ಬಾಲ್ ಬಲಕ್ಕೆ ಬಾಗಿ ಹೋಗೋ ಸ್ಲೈಸ್ ಹಂಗೇ ಇರತ್ತೆ. ಅದಕ್ಕೆ ಒಬ್ಬ ಒಳ್ಳೆ ಕೋಚ್ ಹತ್ರ ಹೋಗಿ ಗ್ರಿಪ್ಪು ನಿಲುವು ಒಂದ್ಸಲ ಸರಿ ಮಾಡ್ಸ್ಕೊಂಡು ಆಮೇಲೆ ಇದನ್ನ ಬೀಸೋದು ಸರಿಯಾದ ದಾರಿ. ದೇವನಹಳ್ಳಿ ಕಡೆ ಹೋಗೋ ರೋಡಲ್ಲಿರೋ ಒಂದು ರೇಂಜಲ್ಲಿ ಲಾಂಚ್ ಮಾನಿಟರ್ (ಬಾಲ್, ಕ್ಲಬ್ ಸ್ಪೀಡ್ ಅಳೆಯೋ ಯಂತ್ರ) ಮೇಲೆ ನನ್ನ ಸ್ವಿಂಗ್ ನೋಡ್ಕೊಂಡೆ, ಕ್ಲಬ್ ಹೆಡ್ ಸ್ಪೀಡ್ ಭಾರೀ ಏನೂ ಏರಿಲ್ಲ, ಸ್ವಲ್ಪ ಏರಿದೆ. ಆದ್ರೆ ಸ್ಮ್ಯಾಶ್ ಫ್ಯಾಕ್ಟರ್, ಅಂದ್ರೆ ಬಾಲ್ ಸ್ಪೀಡನ್ನ ಕ್ಲಬ್ ಸ್ಪೀಡಿಂದ ಭಾಗಿಸಿದ್ರೆ ಬರೋದು, ಡ್ರೈವರ್‌ಗೆ 1.5 ಹತ್ರ ಬಂದ್ರೆ ಬಾಲ್ ಮಧ್ಯಕ್ಕೆ ತಗುಲ್ತಿದೆ ಅಂತ, ಅದು ಮುಂಚೆ ಮೇಲೆ ಕೆಳಗೆ ಕುಣೀತಿತ್ತು ಈಗ ಒಂದೇ ಕಡೆ ನಿಂತಿದೆ. ನನ್ನ ಪ್ರಕಾರ ಈ ಕೋಲಿನ ಅಸಲಿ ಲಾಭ ಇದೇ, ಇಪ್ಪತ್ತು ಗಜ ಜಾಸ್ತಿ ಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಆ ಆಸೆ ಇಟ್ಕೊಂಡು ತಗೋಬೇಡಿ, ಬಾಲ್ ದಿನಾ ಒಂದೇ ಥರ ತಗುಲ್ಬೇಕು ಅನ್ನೋ ಆಸೆ ಇದ್ರೆ ತಗೊಳ್ಳಿ.

ಬೆನ್ನು ನೋವು ಇರೋರು ಡಾಕ್ಟರ್ ಅಥವಾ ಫಿಸಿಯೋ ಹತ್ರ ಕೇಳಿ ಶುರು ಮಾಡಿ, ಮೊದಮೊದಲು ಸೊಂಟದ ಎತ್ತರ ದಾಟ್ಬೇಡಿ. ಮಕ್ಕಳಿಗೆ ದೊಡ್ಡೋರದ್ದು ಕೊಡ್ಬೇಡಿ, ಭಾರ ಜಾಸ್ತಿ, ಅವ್ರಿಗೆ ಚಿಕ್ಕ ಸೈಜ್ ಬೇರೆ ಸಿಗತ್ತೆ. ಆಟ ಶುರು ಆಗೋ ಮುಂಚೆ ಮೊದಲನೇ ಟೀ ಪಕ್ಕದಲ್ಲಿ ಐದು ನಿಮಿಷ ಬೀಸಿದ್ರೆ ವಾರ್ಮ್ ಅಪ್‌ಗೆ ಬೇರೇನೂ ಬೇಕಾಗಲ್ಲ, ಬ್ಯಾಗಲ್ಲಿ ಡ್ರೈವರ್ ಪಕ್ಕ ನೆಟ್ಟಗೆ ನಿಲ್ಲತ್ತೆ, ಆದ್ರೆ ರೌಂಡ್ ಶುರು ಆಗೋ ಮುಂಚೆ ಬ್ಯಾಗಿಂದ ತೆಗೆದು ಕಾರಲ್ಲಿಟ್ಟು ಬನ್ನಿ, ಕಾಂಪಿಟೀಶನ್ ಮಧ್ಯೆ ಇಂಥ ಸಾಮಾನು ಬೀಸಿದ್ರೆ ಪೆನಾಲ್ಟಿ ಬೀಳತ್ತೆ. ಎಡಗೈ ಆಟಗಾರರಿಗೆ ಬೇರೆ ಮಾಡೆಲ್ ಬೇಕಾ ಅಂತ ಒಬ್ರು ಕೇಳಿದ್ರು, ಬೇಡ, ಚೆಂಡಿಗೆ ಎಡ ಬಲ ಇಲ್ಲ. ಬಲಗೈ ಆಟಗಾರರೂ ನಡುನಡುವೆ ಎಡಕ್ಕೆ ತಿರುಗಿ ಬೀಸಿ, ಒಂದೇ ಕಡೆ ತಿರುಗಿ ತಿರುಗಿ ಬಿಗಿ ಹಿಡಿದಿರೋ ಬೆನ್ನಿಗೆ ಆರಾಮ ಸಿಗತ್ತೆ, ಮನೇಲಿ ಎಡಗೈ ಬಲಗೈ ಇಬ್ರೂ ಆಡೋರಿದ್ರೆ ಒಂದೇ ಕೋಲು ಸಾಕು.